ಪ್ರತಿಯ ಪ್ರಾಮಾಣ್ಯ: ಓಲೆಯಿಂದ ಗಣಕದವರೆಗೆ

ಗ್ರಂಥಕರ್ತೃವು ತನ್ನ ಕೃತಿಯನ್ನು ಒಮ್ಮೆ ಬರೆಯುತ್ತಾನೆ. ಅನಂತರ ಶತಮಾನಗಳ ಕಾಲ ಅದನ್ನು ಬರೆಯುತ್ತ ಬರುವವರು ಲಿಪಿಕಾರರು. ಓಲೆಗೆ ಹುಳು ತಗಲುತ್ತದೆ, ಗರಿ ಮುರಿಯುತ್ತದೆ, ದಾರ ಸವೆದು ಕಟ್ಟು ಚೆದುರುತ್ತದೆ. ಆದುದರಿಂದ ಇಂದಿನ ಓದುಗನಿಗೆ ದೊರೆತಿರುವ ಪ್ರಾಚೀನ ಗ್ರಂಥವೆಲ್ಲವೂ ಪ್ರತಿಯ ಪ್ರತಿಯೇ ಹೊರತು ಮೂಲವಲ್ಲ. ಓಲೆಯಿಂದ ಓಲೆಗೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಈಗ ಅಚ್ಚಿನಿಂದಲೂ ಓಲೆಯಿಂದಲೂ ಗಣಕಕ್ಕೆ ಗ್ರಂಥಗಳು ಸಾಗುತ್ತಿವೆ. ಛಾಯಾಪ್ರತಿಯಲ್ಲಿ ಮನುಷ್ಯನ ಕೈ ಬೀಳದು, ಆದುದರಿಂದ ಲಿಪಿಕಾರ ದೋಷದ ಯುಗ ಮುಗಿಯಿತು ಎಂಬ ಅಭಿಪ್ರಾಯವು ವಿದ್ವದ್ವಲಯದಲ್ಲಿಯೂ ಕೇಳಿಬರುತ್ತಿದೆ. ಈ ಅಭಿಪ್ರಾಯ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪರಿಶೀಲನೆಗೆ ಒಂದು ಸೀಮೆಯನ್ನೂ ಒಂದು ಗ್ರಂಥದ ಚರಿತ್ರೆಯನ್ನೂ ಆರಿಸಿಕೊಳ್ಳಲಾಗಿದೆ.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಲಕ್ಷ್ಮಣತೀರ್ಥ ನದಿಯ ದಡದ ಊರು. ನದಿಗೆ ಅಡ್ಡಲಾಗಿ ನಿರ್ಮಿಸಿದ ಕಟ್ಟೆಯು ಊರಿನ ಹೆಸರಿನಲ್ಲಿಯೇ ಸೇರಿಕೊಂಡಿದೆ. ಈ ಸೀಮೆಯಲ್ಲಿ ಜೈನಧರ್ಮದ ನೆಲೆ ಪ್ರಾಚೀನವಾದುದು. ಇದೇ ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿಸ್ವಾಮಿಯ ಬಿಂಬವಿದೆ. ಇದೇ ತಾಲ್ಲೂಕಿನ ಕಲ್ಲಹಳ್ಳಿಯು ಮೂರನೆಯ ಮಂಗರಸನ ಊರು. ಕೃಷ್ಣರಾಜನಗರದ ಸೀಮೆಯ ಚಿಕ್ಕಹನಸೋಗೆಯಲ್ಲಿ ಚೆಂಗಾಳ್ವ ಅರಸರ ಆಶ್ರಯ ಪಡೆದ ಬಸದಿಯೂ ಶಾಸನಗಳೂ ಉಳಿದಿವೆ. ಒಂದು ದಿನದ ಪ್ರಯಾಣದಲ್ಲಿ ನೋಡಿ ಬರಬಹುದಾದ ಈ ಊರುಗಳು ಕನ್ನಡ ಜೈನ ವಾಙ್ಮಯದ ಎರಡು ಮುಖಗಳನ್ನು, ಎಂದರೆ ಕಾವ್ಯರಚನೆಯನ್ನೂ ಶ್ರುತಸಂರಕ್ಷಣೆಯ ಗುರುಪರಂಪರೆಯನ್ನೂ, ಒಟ್ಟಿಗೆ ತೋರಿಸುತ್ತವೆ.

ಮೊದಲು ಮಂಗರಸನನ್ನು ತೆಗೆದುಕೊಳ್ಳಬಹುದು. ಚೆಂಗಾಳ್ವರ ಸಚಿವಕುಲದಲ್ಲಿ ಹುಟ್ಟಿದ ಈ ಕವಿಯ ಕಾಲ ಕ್ರಿ.ಶ. 1508ರ ಸುಮಾರು. ಜಯನೃಪಕಾವ್ಯ, ಪ್ರಭಂಜನಚರಿತೆ, ಶ್ರೀಪಾಲಚರಿತೆ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ, ಸೂಪಶಾಸ್ತ್ರ ಎಂಬ ಆರು ಕೃತಿಗಳು ಇವನವೆಂದು ಸುವಿದಿತ. ಜಯನೃಪಕಾವ್ಯವು ಪರಿವರ್ಧಿನೀ ಷಟ್ಪದಿಯಲ್ಲಿಯೂ ಸೂಪಶಾಸ್ತ್ರವು ವಾರ್ಧಕ ಷಟ್ಪದಿಯಲ್ಲಿಯೂ ರಚಿತವಾಗಿವೆ. ಸಂಪಾದನ ಶಾಸ್ತ್ರದ ದೃಷ್ಟಿಯಿಂದ ಈ ಛಂದೋವಿವರಕ್ಕೆ ವಿಶೇಷ ಬೆಲೆಯಿದೆ. ಪರಿವರ್ಧಿನಿಯಲ್ಲಿ ನಾಲ್ಕು ಮಾತ್ರೆಯ ಗಣ, ವಾರ್ಧಕದಲ್ಲಿ ಐದು ಮಾತ್ರೆಯ ಗಣ. ಆರು ಪಾದಗಳಿಗೂ ಆದಿಪ್ರಾಸ. ಲಿಪಿಕಾರನು ಒಂದು ಪದವನ್ನು ಬಿಟ್ಟರೆ ಗಣ ಕೆಡುತ್ತದೆ, ಪಾದದ ಎರಡನೆಯ ಅಕ್ಷರವನ್ನು ತಪ್ಪಾಗಿ ಬರೆದರೆ ಪ್ರಾಸ ಕೆಡುತ್ತದೆ. ಹಳೆಯ ಬರವಣಿಗೆಯಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದ ಬಹುಮಟ್ಟಿಗೆ ಕಾಣಿಸದು. ಆದರೆ ಷಟ್ಪದಿಯ ಮಾತ್ರೆಯನ್ನು ಎಣಿಸಿದರೆ ದೀರ್ಘವೆಲ್ಲಿ ಬೇಕೆಂಬುದು ತಾನಾಗಿ ನಿರ್ಣಯವಾಗುತ್ತದೆ. ಹೀಗೆ ಛಂದಸ್ಸು ಕವಿಯು ತನ್ನ ಕೃತಿಗೆ ಇಟ್ಟುಹೋದ ಕಾವಲು.

ಈ ಕಾವಲಿಗೂ ಮಿತಿಯಿದೆ. ಸೂಪಶಾಸ್ತ್ರವು ಪಾಕಶಾಸ್ತ್ರದ ಗ್ರಂಥ. ಅಲ್ಲಿ ದ್ರವ್ಯದ ಹೆಸರೇ ಅರ್ಥದ ಪ್ರಾಣ. ಉದಾಹರಣೆಗಾಗಿ ಹೇಳುವುದಾದರೆ, ಪಾದದ ನಡುವೆ ‘ಶುಂಠಿ’ ಇರಬೇಕಾದೆಡೆ ‘ಮೆಣಸು’ ಬಂದರೂ ಮಾತ್ರೆ ಮೂರೇ. ಗಣವೂ ಪ್ರಾಸವೂ ಕೆಡುವುದಿಲ್ಲ, ಅಡಿಗೆ ಮಾತ್ರ ಬೇರೆಯಾಗುತ್ತದೆ. ಇಂತಹ ಎಡೆಯಲ್ಲಿ ಸಂಪಾದಕನಿಗೆ ಛಂದಸ್ಸು ನೆರವಾಗದು. ಅವನು ಬೇರೆ ಪ್ರತಿಗಳನ್ನು ನೋಡಬೇಕು. ನೋಡಿದ ಪ್ರತಿಗಳು ಪರಸ್ಪರ ಸ್ವತಂತ್ರವೋ ಅಥವಾ ಒಂದೇ ಪ್ರತಿಯ ಸಂತಾನಗಳೋ ಎಂಬುದನ್ನು ತಿಳಿಯಬೇಕು. ಒಂದೇ ದುಷ್ಟಪ್ರತಿಯಿಂದ ಇಳಿದ ಹತ್ತು ಪ್ರತಿಗಳು ‘ಮೆಣಸು’ ಎಂದರೂ ಅದು ಒಂದೇ ಸಾಕ್ಷಿ. ಸ್ವತಂತ್ರವಾದ ಒಂದು ಪ್ರತಿ ‘ಶುಂಠಿ’ ಎಂದರೆ ಅದು ಆ ಹತ್ತಕ್ಕೆ ಸಮನಾಗಿ ನಿಲ್ಲಬಲ್ಲ ಇನ್ನೊಂದು ಸಾಕ್ಷಿ. ಕಾಲುವೆಯ ಕೊನೆಯ ಗದ್ದೆಗಳು ಎಷ್ಟೇ ಇರಲಿ, ಅವೆಲ್ಲಕ್ಕೂ ನೀರು ಹರಿದುದು ಒಂದೇ ತೂಬಿನಿಂದ ಎಂಬುದು ಕಟ್ಟೆಯ ಕೆಳಗಿನ ರೈತನಿಗೆ ತಿಳಿದಿರುತ್ತದೆ. ಪ್ರತಿಗಳ ವಿಷಯದಲ್ಲಿ ಆ ತಿಳಿವಳಿಕೆಯನ್ನು ಕೊಡಬೇಕಾದುದು ಲಿಪಿಕಾರನ ಅಂತ್ಯಪ್ರಶಸ್ತಿ.

ಛಂದಸ್ಸಿನ ಕಾವಲೇ ಇಲ್ಲದ ಗದ್ಯಸೂತ್ರಗಳಲ್ಲಿ ಒಂದು ಪದ ಬಿದ್ದುಹೋದರೆ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಚರಿತ್ರೆಯಲ್ಲಿ ನೋಡಬೇಕು. ಹನಸೋಗೆಗೂ ಕರಾವಳಿಗೂ ಸಂಬಂಧ ಹೊಸದಲ್ಲ. ಹನಸೋಗೆಯ ಶಾಸನಗಳು ಹೇಳುವ ಪರಂಪರೆ ಮೂಲಸಂಘದ ದೇಸಿಗಣ ಪುಸ್ತಕಗಚ್ಛದ್ದು. ‘ಪನಸೋಗೆಯ ಬಳಿ’ ಎಂದು ಪ್ರಸಿದ್ಧವಾದ ಅದರ ಶಾಖೆಗೆ ಸೇರಿದ ಲಲಿತಕೀರ್ತಿ ಮುನಿಗಳ ಉಪದೇಶದಿಂದಲೇ 1432ರಲ್ಲಿ ಕಾರ್ಕಳದ ಗೊಮ್ಮಟಮೂರ್ತಿಯ ಪ್ರತಿಷ್ಠೆಯಾಯಿತು. ಗಚ್ಛದ ಹೆಸರಿನಲ್ಲಿಯೇ ಪುಸ್ತಕವಿರುವ ಈ ಪರಂಪರೆಯ ಯತಿಗಳಿಗೆ ಶಾಸ್ತ್ರವನ್ನು ಬರೆಯಿಸಿ ದಾನ ಮಾಡುವುದು ಶ್ರಾವಕರ, ವಿಶೇಷವಾಗಿ ಶ್ರಾವಕಿಯರ, ಆಚಾರವಾಗಿತ್ತು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಪ್ರತಿಯನ್ನು ಭುಜಬಲ ಗಂಗ ಪೆರ್ಮಾಡಿದೇವನ ಮನೆತನದ ದೇಮಿಯಕ್ಕನು ಶ್ರುತಪಂಚಮೀ ವ್ರತದ ಉದ್ಯಾಪನೆಯಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಹಾಬಂಧದ ಪ್ರತಿಯನ್ನು ಸೇನನೆಂಬವನ ಪತ್ನಿ ಮಲ್ಲಿಕಬ್ಬೆಯು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಈ ಇಬ್ಬರ ಹೆಸರನ್ನು ಉಳಿಸಿದುದು ಓಲೆಯ ಕೊನೆಯ ಪ್ರಶಸ್ತಿಗಳು. ಆ ಗರಿಗಳಿಲ್ಲದಿದ್ದರೆ ಪ್ರತಿಯ ಕಾಲವೂ ಗುರುಪರಂಪರೆಯೂ ಅವರೊಡನೆಯೇ ಅಳಿಯುತ್ತಿದ್ದವು.

ಧವಲಾ 816ರಲ್ಲಿಯೂ ಜಯಧವಲಾ 837ರಲ್ಲಿಯೂ ಸಮಾಪ್ತವಾದವೆಂಬುದು ವಿದ್ವಾಂಸರ ಗಣನೆ. ಉತ್ತರ ದೇಶದ ಭಂಡಾರಗಳಲ್ಲೆಲ್ಲೂ ಉಳಿಯದ ಈ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಕೀರ್ತಿ ಮೂಡಬಿದಿರೆಯದು. ಅಲ್ಲಿನವರು ಅವುಗಳನ್ನು ದರ್ಶನಕ್ಕೆ ಇಟ್ಟರು, ಸುಲಭವಾಗಿ ಪ್ರತಿಗೆ ಕೊಡಲಿಲ್ಲ ಎಂದು ಆಕ್ಷೇಪಿಸುವವರು ಈ ಸಂರಕ್ಷಣೆಯನ್ನು ಮರೆಯಬಾರದು. 1896ರಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಉಪಾಧ್ಯಾಯರಿಂದ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಮೂರು ಸಿದ್ಧಾಂತಗ್ರಂಥಗಳ ಪ್ರತಿಕಾರ್ಯ ಮುಗಿಯುವ ವೇಳೆಗೆ 1922 ಬಂದಿತ್ತು. ಇಪ್ಪತ್ತಾರು ವರ್ಷ ನಡೆದ ಈ ಬರವಣಿಗೆ ಆಧುನಿಕ ಕಾಲದ ಬಹುದೊಡ್ಡ ಲಿಪಿಕಾರ್ಯಗಳಲ್ಲೊಂದು.

ಹಾಗೆ ಸಿದ್ಧವಾದ ಪ್ರತಿಗಳು ಕ್ಷೇತ್ರದಿಂದ ಹೊರಗೆ ಹೋಗಕೂಡದೆಂಬುದು ಕಟ್ಟಳೆ. ಆದರೂ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನು ಗೋಪ್ಯವಾಗಿ ಸಿದ್ಧಪಡಿಸಿದರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿ ಅಲ್ಲಿಯ ಮಂದಿರಕ್ಕೆ ಬಂದಿತು. ಅಲ್ಲಿ ಕನ್ನಡದಿಂದ ನಾಗರಿಗೆ ಲಿಪ್ಯಂತರ ನಡೆಯಿತು. ಲಿಪ್ಯಂತರದಲ್ಲಿ ತೊಡಗಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿ ಮಾಡಿಕೊಂಡರು. ಅದರಿಂದ ಬೇರೆ ಬೇರೆ ಊರುಗಳಿಗೆ ಪ್ರತಿಗಳು ಹರಡಿದವು. ಅಮರಾವತಿ, ಆರಾ, ಕಾರಂಜಾಗಳ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದಿನ ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣಗೊಂಡವು. ಸಂಪಾದಕರ ಮುಂದೆ ಬೇರೆ ಬೇರೆ ಊರಿನ ಪ್ರತಿಗಳಿದ್ದರೂ ಅವೆಲ್ಲವುಗಳ ತೂಬು ಒಂದೇ. ಓಲೆಯಿಂದ ಮುದ್ರಣದವರೆಗೆ ಪಾಠವು ಮೂರು ಕೈಗಳನ್ನಾದರೂ ದಾಟಿ ಬಂದಿತ್ತು, ಒಮ್ಮೆ ಲಿಪಿಯನ್ನೂ ಬದಲಿಸಿತ್ತು.

ಲಿಪಿಯ ಬದಲಾವಣೆ ಅಲ್ಪ ಸಂಗತಿಯಲ್ಲ. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ವ್ಯಂಜನದ ಹಿಂದಿನ ಸೊನ್ನೆ ಎಷ್ಟೋ ಕಡೆ ಅನುಸ್ವಾರವಲ್ಲ, ಮುಂದಿನ ವ್ಯಂಜನದ ದ್ವಿತ್ವದ ಸೂಚನೆ. ಈ ಸಂಪ್ರದಾಯವನ್ನರಿಯದ ಕೈ ಅದನ್ನು ನಾಗರಿಗೆ ಅನುಸ್ವಾರವಾಗಿಯೇ ಇಳಿಸುವ ಸಂಭವವಿದೆ. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಒಂದೇ ಅಕ್ಷರಸಮೂಹ ಎರಡು ಸಲ ಬಂದಲ್ಲಿ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದು ಸಹಜ.

ಸತ್ಪ್ರರೂಪಣೆಯ ತೊಂಬತ್ತಮೂರನೆಯ ಸೂತ್ರದಲ್ಲಿ ನಡೆದುದು ಇಂತಹ ಜಾರುವಿಕೆಯೇ. ಮನುಷ್ಯಿಣಿಯ ಪರ್ಯಾಪ್ತ ಗುಣಸ್ಥಾನಗಳನ್ನು ಹೇಳುವ ಆ ಸೂತ್ರದಲ್ಲಿ ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಎಂಬ ಪದ ಬರಬೇಕು. ಸಂಪಾದಕರಿಗೆ ದೊರೆತ ಪ್ರತಿಗಳಲ್ಲಿ ಅದು ಇರಲಿಲ್ಲ. ಸಮಾನಾಕ್ಷರಗಳ ನೆರೆಯಲ್ಲಿ ಒಂದು ಲೋಪವಾಗುವುದು ಲಿಪಿಕಾರ ದೋಷಗಳಲ್ಲಿ ಅತಿ ಸಾಮಾನ್ಯವಾದುದು. ಆದರೆ ಇಲ್ಲಿ ಅದರ ಪರಿಣಾಮ ಸಾಮಾನ್ಯವಾಗಿರಲಿಲ್ಲ. ಆ ಪದವಿದ್ದರೆ ಮನುಷ್ಯಿಣಿಗೆ ಸಂಯತ ಗುಣಸ್ಥಾನಗಳು ಹೇಳಲ್ಪಡುತ್ತವೆ, ಇಲ್ಲದಿದ್ದರೆ ಸಂಯತಾಸಂಯತಕ್ಕೇ ನಿಲ್ಲುತ್ತದೆ. ದ್ರವ್ಯಸ್ತ್ರೀಗೆ ಮುಕ್ತಿಯಿಲ್ಲವೆಂಬ ದಿಗಂಬರ ಸಿದ್ಧಾಂತಕ್ಕೂ ಈ ಸೂತ್ರಕ್ಕೂ ಸಂಬಂಧ ಸ್ಪಷ್ಟ.

ಸಂಪಾದಕರು ಪ್ರತಿಯಲ್ಲಿಲ್ಲದ ಪದವನ್ನು ಮೂಲದಲ್ಲಿ ತುರುಕಲಿಲ್ಲ. ಇಲ್ಲಿ ಆ ಪದವಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅವರ ಆಧಾರ ವೀರಸೇನಾಚಾರ್ಯರ ಟೀಕೆ. ಹಾಗಾದರೆ ಇದೇ ಆರ್ಷವಚನದಿಂದ ದ್ರವ್ಯಸ್ತ್ರೀಯರಿಗೂ ನಿರ್ವಾಣ ಸಿದ್ಧಿಸುವುದಿಲ್ಲವೇ ಎಂಬ ಶಂಕೆಯನ್ನು ಟೀಕೆ ಎತ್ತುತ್ತದೆ ಮತ್ತು ಭಾವವೇದದ ಅಪೇಕ್ಷೆಯಿಂದ ಅದನ್ನು ಪರಿಹರಿಸುತ್ತದೆ. ಸೂತ್ರದಲ್ಲಿ ಸಂಯತ ಪದವಿಲ್ಲದಿದ್ದರೆ ಆ ಶಂಕೆಗೆ ಎಡೆಯೇ ಇಲ್ಲ. ಆದರೂ ಈ ಸೂಚನೆ ಸಿದ್ಧಾಂತವಿರೋಧಿಯೆಂದು ಪ್ರಬಲ ವಿವಾದವೆದ್ದಿತು. ಆಚಾರ್ಯ ಶಾಂತಿಸಾಗರರ ಪ್ರೇರಣೆಯಿಂದ 1940ರ ದಶಕದಲ್ಲಿ ಕೈಗೊಂಡ ತಾಮ್ರಪಟಗಳ ಕಾರ್ಯದಲ್ಲಿಯೂ ಆ ಪದವನ್ನು ಕೆತ್ತಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯವಾಯಿತು. ಕೊನೆಗೆ ಮಾತನ್ನು ಮುಗಿಸಿದುದು ಪಂಡಿತರ ವಾದವಲ್ಲ, ಮೂಡಬಿದಿರೆಯ ಓಲೆ. ಅಲ್ಲಿ ‘ಸಂಜದ’ ಪದವಿತ್ತು.

ಪದವು ಬಂದುದರಿಂದ ಸಿದ್ಧಾಂತ ಕೆಡಲಿಲ್ಲ. ಟೀಕಾಕಾರರು ಸಾವಿರದ ನೂರು ವರ್ಷಗಳ ಹಿಂದೆಯೇ ಅದಕ್ಕೆ ಸಮಾಧಾನ ಹೇಳಿದ್ದರು. ಮೂಲವನ್ನು ಕಾಣುವ ಮೊದಲೇ ಸಿದ್ಧಾಂತವನ್ನು ಕಾಪಾಡಲು ಹೊರಟವರು ಸೂತ್ರಕಾರರ ವಚನವನ್ನೇ ಕುಂದಿಸುವ ಅಪಾಯಕ್ಕೆ ಹತ್ತಿರವಾಗಿದ್ದರು ಎಂಬುದು ಇಲ್ಲಿಯ ಪಾಠ. ಇದಕ್ಕೆ ಇನ್ನೊಂದು ಮುಖವೂ ಇದೆ. ಗೋಪ್ಯವಾಗಿ ಹೊರಬಂದ ಪ್ರತಿಯನ್ನು ನೈತಿಕ ದೃಷ್ಟಿಯಿಂದ ಆಕ್ಷೇಪಿಸುವವರೂ ಇದ್ದಾರೆ, ಆ ಪ್ರತಿಯಿಲ್ಲದೆ ಧವಲಾ ಲೋಕಕ್ಕೆ ಅಷ್ಟು ಬೇಗ ಸಿಗುತ್ತಿರಲಿಲ್ಲವೆಂದು ಸಮರ್ಥಿಸುವವರೂ ಇದ್ದಾರೆ. ಪಾಠವಿಮರ್ಶೆಯ ದೃಷ್ಟಿಯಿಂದ ಹೇಳಬೇಕಾದ ಮಾತು ಬೇರೆ. ಗೋಪ್ಯವಾಗಿ ಮಾಡಿದ ಪ್ರತಿಯನ್ನು ಮೂಲದೊಡನೆ ಬಹಿರಂಗವಾಗಿ ತಾಳೆ ನೋಡಲಾಗದು. ಅದರ ಸಂತಾನವೆಲ್ಲವೂ ಆ ಕೊರತೆಯನ್ನು ಹೊತ್ತೇ ಹುಟ್ಟುತ್ತದೆ. ಭಂಡಾರದ ಬಾಗಿಲು ಮುಚ್ಚಿದ್ದುದರಿಂದ ಓಲೆ ಉಳಿಯಿತು. ಮುಚ್ಚಿಯೇ ಇದ್ದುದರಿಂದ ತಪ್ಪೂ ಉಳಿಯಿತು. ಮುಂದಿನ ಸಂಪುಟಗಳ ಕಾಲಕ್ಕೆ ಮೂಡಬಿದಿರೆಯ ಪಂಡಿತರು ಓಲೆಯೊಡನೆ ಪಾಠವನ್ನು ಒತ್ತಿನೋಡಿ ಕಳುಹಿಸತೊಡಗಿದ ಮೇಲೆಯೇ ಮುದ್ರಿತ ಧವಲಾಕ್ಕೆ ಪೂರ್ಣ ಪ್ರಾಮಾಣ್ಯ ಬಂದಿತು.

ಈ ನಿಕಷದಲ್ಲಿ ಮುದ್ರಣಯುಗವನ್ನು ನೋಡಿದರೆ ಲಾಭನಷ್ಟಗಳೆರಡೂ ಕಾಣುತ್ತವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂಬುದು ಕನ್ನಡಿಗರೆಲ್ಲರಿಗೂ ತಿಳಿದ ವಿಷಯ. ಆ ಸಾವಿರಕ್ಕೆ ಬೇಕಾದ ಕೈಗಳನ್ನು ಊಹಿಸಿಕೊಂಡರೆ ಒಂದೇ ಮೊಳೆಜೋಡಣೆಯಿಂದ ಸಾವಿರ ಪ್ರತಿ ತೆಗೆಯುವ ಅಚ್ಚಿನ ಉಪಕಾರ ಮನಸ್ಸಿಗೆ ಬರುತ್ತದೆ. ಆದರೆ ಅತ್ತಿಮಬ್ಬೆಯ ಸಾವಿರದಲ್ಲಿ ಸಾವಿರ ಬಗೆಯ ತಪ್ಪುಗಳಿದ್ದರೂ ಒಂದು ಇನ್ನೊಂದನ್ನು ತಿದ್ದಬಲ್ಲದು; ಅಚ್ಚಿನ ಸಾವಿರದಲ್ಲಿರುವುದು ಒಂದೇ ತಪ್ಪು, ತಿದ್ದಲು ನೆರೆಯ ಪ್ರತಿಯಿಲ್ಲ. ಮೊಳೆಯಿಲ್ಲದ ಕಾರಣಕ್ಕೋ ಓದುಗನ ಅನುಕೂಲಕ್ಕೋ ‘ೞ’ಕಾರವನ್ನು ‘ಳ’ ಎಂದೂ ‘ಱ’ಕಾರವನ್ನು ‘ರ’ ಎಂದೂ ಅಚ್ಚು ಮಾಡಿದ ಹಳಗನ್ನಡ ಪುಸ್ತಕಗಳಲ್ಲಿ ಕಾಲನಿರ್ಣಯದ ಒಂದು ಸಾಧನವೇ ಅಳಿದುಹೋಯಿತು. ಲಿಪಿಕಾರನ ಪ್ರಶಸ್ತಿಯನ್ನು ಗ್ರಂಥಭಾಗವಲ್ಲವೆಂದು ಬಿಟ್ಟ ಮುದ್ರಣಗಳೂ ಉಂಟು. ಇದಕ್ಕೆ ವ್ಯತಿರಿಕ್ತವಾಗಿ ಡಾ. ಆ.ನೇ. ಉಪಾಧ್ಯೆಯವರು 1935ರ ಪ್ರವಚನಸಾರದಲ್ಲಿ ಹಾಕಿಕೊಟ್ಟ ಶಿಸ್ತೂ, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟವಾದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಕರಾವಳಿಯ ಭಂಡಾರಗಳನ್ನು ವಿದ್ವಲ್ಲೋಕಕ್ಕೆ ತೆರೆದುದೂ ಇಂದಿಗೂ ಮಾದರಿಗಳು.

ಈಗ ಗಣಕದ ಯುಗ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದಿಂದ 2025ರಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯವರೆಗೆ ಸರಕಾರವೂ, ತಮ್ಮ ಶಕ್ತ್ಯನುಸಾರ ಮಠಗಳೂ ಸಂಶೋಧನ ಸಂಸ್ಥೆಗಳೂ ಓಲೆಗಳ ಛಾಯಾಪ್ರತಿ ತೆಗೆಯುವ ಕಾರ್ಯದಲ್ಲಿ ತೊಡಗಿವೆ. ಮೂಲವನ್ನು ಮುಟ್ಟದೆ, ಗರಿಯನ್ನು ಸವೆಯಿಸದೆ, ದೂರದ ವಿದ್ವಾಂಸನೂ ಪಾಠವನ್ನು ಕಣ್ಣಾರೆ ಕಾಣುವಂತಾದುದು ನಿಸ್ಸಂದೇಹವಾಗಿ ಶ್ರುತಸೇವೆ. ಇಂತಹ ಸೌಕರ್ಯ 1939ರಲ್ಲಿ ಇದ್ದಿದ್ದರೆ ‘ಸಂಜದ’ ಪದದ ವಿವಾದ ಒಂದು ದಿನದಲ್ಲಿ ಮುಗಿಯುತ್ತಿತ್ತು.

ಆದರೆ ಛಾಯಾಪ್ರತಿಯಲ್ಲಿ ಮನುಷ್ಯನ ಕೈಯಿಲ್ಲವೆಂಬುದು ಅರ್ಧಸತ್ಯ. ಗರಿಗಳನ್ನು ಯಾವ ಕ್ರಮದಲ್ಲಿ ಇಡಬೇಕು, ಬರಿದಾದ ರಕ್ಷಾಪತ್ರವನ್ನು ಚಿತ್ರಿಸಬೇಕೇ ಬಿಡಬೇಕೇ, ಹಲಗೆಯ ಮೇಲಿನ ಬರಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಎಂಬುದನ್ನೆಲ್ಲ ನಿರ್ಣಯಿಸುವುದು ಮನುಷ್ಯನೇ. ಒಡೆತನದ ಹೆಸರು, ಸಂವತ್ಸರದ ಉಲ್ಲೇಖ, ಪ್ರತಿ ಕೊಟ್ಟವನ ಊರು ಇವು ಸಿಗುವುದು ಹೆಚ್ಚಾಗಿ ಆ ಅಂಚಿನ ಗರಿಗಳಲ್ಲಿಯೇ. ಸೂಚಿಯಲ್ಲಿ ಗ್ರಂಥನಾಮವನ್ನೂ ಗರಿಗಳ ಸಂಖ್ಯೆಯನ್ನೂ ಮಾತ್ರ ಕೊಟ್ಟು ಪ್ರಶಸ್ತಿಯನ್ನು ಬಿಟ್ಟರೆ, ಚಿತ್ರದಲ್ಲಿ ದೇಮಿಯಕ್ಕನಿದ್ದರೂ ಹುಡುಕುವವನಿಗೆ ಆಕೆ ಸಿಗುವುದಿಲ್ಲ. ಪಾಠವನ್ನು ಗಣಕದಲ್ಲಿ ಅಕ್ಷರವಾಗಿ ಊಡುವಾಗ ಹಳೆಯ ಮೊಳೆಜೋಡಣೆಯ ದೋಷಗಳೇ ಹೊಸ ವೇಷದಲ್ಲಿ ಬರುತ್ತವೆ. ಯೂನಿಕೋಡ್ ಸಂಕೇತದಲ್ಲಿ ‘ೞ’ಕಾರಕ್ಕೂ ‘ಱ’ಕಾರಕ್ಕೂ ಸ್ಥಾನವಿದ್ದರೂ ಬೆರಳಚ್ಚಿನವನು ‘ಳ’, ‘ರ’ಗಳನ್ನೇ ಒತ್ತುವುದುಂಟು. ಹಿಂದಿನ ನುಡಿ, ಬರಹ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಯೂನಿಕೋಡಿಗೆ ಮಾರ್ಪಡಿಸಿದಾಗ ಅರ್ಕಾವತ್ತೂ ಒತ್ತಕ್ಷರಗಳೂ ಸ್ಥಾನ ತಪ್ಪುವುದನ್ನು ಪ್ರಕಾಶಕರೆಲ್ಲರೂ ಬಲ್ಲರು. ಓಲೆಯ ಲಿಪಿಕಾರನು ತನ್ನ ತಪ್ಪನ್ನು ಕ್ಷಮಿಸಬೇಕೆಂದು ಕೊನೆಯಲ್ಲಿ ಬೇಡಿಕೊಂಡು ಹೆಸರು ಬರೆಯುತ್ತಿದ್ದನು. ಗಣಕದ ಕಡತವು ಹೆಸರಿಲ್ಲದೆ, ತಿಥಿಯಿಲ್ಲದೆ, ಯಾವುದರ ಪ್ರತಿಯೆಂಬ ಉಲ್ಲೇಖವಿಲ್ಲದೆ ಒಬ್ಬರಿಂದ ಒಬ್ಬರಿಗೆ ಕ್ಷಣದಲ್ಲಿ ಸಾಗುತ್ತದೆ. ಗಜಪತಿ ಉಪಾಧ್ಯಾಯರ ಪ್ರತಿ ಸಹಾರನಪುರದಿಂದ ಹರಡಲು ವರ್ಷಗಳು ಬೇಕಾದವು; ಇಂದು ಅಂತಹದೇ ಅಜ್ಞಾತಕುಲದ ಪ್ರತಿ ಒಂದು ಸಂಜೆಯಲ್ಲಿ ಹರಡುತ್ತದೆ.

ಆದುದರಿಂದ ಪ್ರತಿಯ ಪ್ರಾಮಾಣ್ಯವು ಅದು ಯಾವ ದ್ರವ್ಯದ ಮೇಲಿದೆ ಎಂಬುದನ್ನು ಅವಲಂಬಿಸಿಲ್ಲ. ಯಾವುದರಿಂದ ಇಳಿದುದು, ಯಾರ ಕೈಯಿಂದ, ಯಾವಾಗ, ಮೂಲವನ್ನು ಮತ್ತೆ ನೋಡಲು ದಾರಿಯಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಪ್ರತಿಯೇ ಪ್ರಮಾಣ. ಪ್ರಶಸ್ತಿಯನ್ನು ಪೂರ್ಣವಾಗಿ ಕೊಡದ ಸೂಚಿಯನ್ನು ಅಪೂರ್ಣವೆಂದೇ ಎಣಿಸಬೇಕು. ಗಣಕದ ಕಡತಕ್ಕೂ ಅಂತ್ಯಪ್ರಶಸ್ತಿ ಇರಬೇಕು. ಊಡಿದವನ ಹೆಸರು, ತಿದ್ದಿದವನ ಹೆಸರು, ಆಧಾರಪ್ರತಿಯ ಭಂಡಾರ ಮತ್ತು ಸಂಖ್ಯೆ, ತಿಥಿ ಅದರಲ್ಲಿ ಸೇರಬೇಕು. ಛಾಯಾಪ್ರತಿ ತೆಗೆದ ಸಂಸ್ಥೆಗಳು ಅದನ್ನು ಅರ್ಹ ವಿದ್ವಾಂಸರಿಗೆ ತಾಳೆ ನೋಡಲು ಕೊಡಬೇಕು. ಓಲೆಗೆ ಬೀಗ ಹಾಕಲು ಕಾರಣಗಳಿದ್ದವು, ಚಿತ್ರಕ್ಕೆ ಬೀಗ ಹಾಕಲು ಅಂತಹ ಕಾರಣವಿಲ್ಲ.

ಕೊನೆಯದಾಗಿ, ದೊಡ್ಡ ಭಂಡಾರಗಳಿಲ್ಲದ ಸೀಮೆಗಳ ವಿಷಯ. ಕಟ್ಟೆಮಳಲವಾಡಿ, ಸಾಲಿಗ್ರಾಮಗಳಂತಹ ಊರುಗಳ ಶ್ರಾವಕರ ಮನೆಗಳಲ್ಲಿ ಅಟ್ಟದಿಂದ ಒಂದು ಓಲೆಕಟ್ಟೋ ಹಿಂದಿನ ತಲೆಮಾರಿನವರು ಕಾಗದದಲ್ಲಿ ಬರೆದಿಟ್ಟ ಪುಸ್ತಕವೋ ಇಳಿದು ಬಂದರೆ, ಅದು ಅಚ್ಚಾಗಿರುವ ಗ್ರಂಥವೆಂದು ಬದಿಗಿಡಬಾರದು. ಕಾಗದದ ಪ್ರತಿಯು ಈಗ ಅಳಿದುಹೋದ ಒಂದು ಓಲೆಯ ಏಕಮಾತ್ರ ಸಂತಾನವಾಗಿರಬಹುದು. ಮಂಗರಸನ ಒಂದು ಪಾದಕ್ಕೆ ಸ್ವತಂತ್ರ ಸಾಕ್ಷಿಯಾಗಿರಬಹುದು. ಅದನ್ನು ಚಿತ್ರಿಸುವ ಮೊದಲು ಯಾವ ಮನೆಯದು, ಯಾರು ಬರೆದುದು, ಯಾವ ಊರಿನ ಪ್ರತಿಯನ್ನು ನೋಡಿ ಬರೆದುದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಓಲೆಯನ್ನು ನಾಳೆಯೂ ಚಿತ್ರಿಸಬಹುದು. ಆ ಹಿರಿಯರ ನೆನಪಿಗೆ ಛಾಯಾಪ್ರತಿಯಿಲ್ಲ.